ಅತ್ತೆಗಾಗಿ ತಗ್ಗಿದ ಪಿಕಪ್

ಮೊನ್ನೆ ಹಿತ್ತಲಿನ ಲಂಟಾನ ಸವರಲು ಮಚ್ಚು ಮಸೆಯುತ್ತಿದ್ದೆ. ಕಲ್ಲಿಗೆ ನೀರು ಚಿಮುಕಿಸಿ ಎಳೆದದ್ದೇ ತಡ, ಹಸಿ ಕಬ್ಬಿಣದ ವಾಸನೆ ಮೂಗಿಗೆ ಬಂತು, ಪಕ್ಕದ ಮನೆಯ ಮಾವ ನೆನಪಾದರು. ಆ ಮಚ್ಚು ಒಂದು ಕಾಲಕ್ಕೆ ಅವರ ಪಿಕಪ್ಪಿನ ಕಮಾನು ಪಟ್ಟಿಯಾಗಿತ್ತು.

ಎರಡು ಸಾವಿರದ ಇಸವಿ ಕಳೆದ ಹೊಸತು. ದೊಡ್ಡಗಾಜನೂರಿನ ಹೊಲಗಳಿಂದ ಕೋಸು ತುಂಬಿಕೊಂಡು ಘಾಟಿ ಇಳಿಯುವುದು ಮಾವನ ಕೆಲಸ. ನಮ್ಮ ಕಡೆ ಪಿಕಪ್ ಕೊಂಡವರು ಮೊದಲು ಮಾಡುವುದೇ ಚಕ್ರದ ಮೇಲಿನ ಕಮಾನಿಗೆ, ಅಂದರೆ ಸ್ಪ್ರಿಂಗಿಗೆ, ಇನ್ನಷ್ಟು ಉಕ್ಕಿನ ಪಟ್ಟಿ ಸೇರಿಸಿ ಗಾಡಿ ಎತ್ತರಿಸುವುದು. ಭಾರ ಹೊರಬೇಕು, ಹೊಲದ ದಾರಿಯ ಕಲ್ಲು ಹೊಟ್ಟೆಗೆ ತಾಗಬಾರದು. ಮಾವನ ಗಾಡಿಯೂ ಹಾಗೇ ಎತ್ತರಕ್ಕೆ ನಿಂತಿತ್ತು. ಮುಂದಿನ ಸೀಟಿನಲ್ಲಿ ಅವರ ಹೆಂಡತಿ, ನಾನು ಅತ್ತೆ ಎನ್ನುತ್ತಿದ್ದವರು, ಇಲ್ಲದೆ ಅದು ಊರು ಬಿಟ್ಟದ್ದು ಕಡಿಮೆ. ಹೊಸ ಮನೆ ಹೊಗುವವರಂತೆ ದಿನವೂ ಬಲಗಾಲು ಮೊದಲಿಟ್ಟೇ ಹತ್ತುತ್ತಿದ್ದರು.

ಆಮೇಲೆ ಅತ್ತೆ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಕೋಲು ಹಿಡಿದು ನಡೆಯುವಷ್ಟಾದರೂ ಬಲಗಾಲು ಮೇಲಕ್ಕೆ ಏಳುತ್ತಿರಲಿಲ್ಲ. ತಾಳಮಲೆಯ ಅಕ್ಕನನ್ನು ನೋಡಬೇಕೆಂದು ಹಂಬಲಿಸಿದ ದಿನ, ಗಂಡಸರಿಬ್ಬರು ಕಂಕುಳಿಗೆ ಕೈ ಹಾಕಿ ಗಾಡಿಗೆ ಎತ್ತಿದರು. ಬೀದಿಯವರೆಲ್ಲರ ಎದುರು ಸೆರಗು ಜಾರಿತು. ಅಲ್ಲೇ ಇಳಿಸಿ ಎಂದರು ಅತ್ತೆ.

"ನಾನೇನ್ ಕೋಸಿನ್ ಮೂಟನಾ, ಎತ್ತಿ ಆಕಕ? ಇನ್ನೆಲ್ಲಿಗೂ ಬರಲ್ಲ ಕಣಿ, ಬುಡಿ."

ಅಂದ ಹಾಗೇ ಜಗುಲಿ ಬಿಟ್ಟು ಇಳಿಯಲಿಲ್ಲ. ಊಟ ಕಡಿಮೆಯಾಯಿತು, ಮಾತೂ ಕಡಿಮೆಯಾಯಿತು... ಆ ಮನೆ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡಿರಲಿಲ್ಲ.

ಒಂದು ಬೆಳಗ್ಗೆ ಮಾವ ಮೆಕ್ಯಾನಿಕ್ಕನ್ನು ಕರೆತಂದು ಹಿಂದಿನ ಚಕ್ರಗಳ ಮೇಲೆ ಸೇರಿಸಿದ್ದ ಪಟ್ಟಿಗಳನ್ನು ಬಿಚ್ಚಿಸಿದರು. ಗಾಡಿ ಹಿಂಗಾಲೂರಿ ಕೂತ ನಾಯಿಯಂತೆ ಮೂತಿ ಎತ್ತಿತೇ ಹೊರತು ಬಾಗಿಲು ಕೆಳಗೆ ಬರಲಿಲ್ಲ. ಜಗುಲಿಯಲ್ಲಿ ಕೂತಿದ್ದ ಅತ್ತೆ ನಕ್ಕುಬಿಟ್ಟರು. ಆ ನಗು ಕೇಳಿ ಮಾವನಿಗೆ ಹುರುಪು ಬಂತು. ಮುಂದಿನ ಚಕ್ರಗಳ ಪಟ್ಟಿಗಳನ್ನೂ ಬಿಚ್ಚಿಸಿ, ಚಿಕ್ಕ ಚಕ್ರ ಹಾಕಿಸಲು ಹೊರಟರು.

"ಈ ಗಾಡಿ ಇನ್ ಒಲುಕ್ಕ ಇಳಿಯಲ್ಲ ಕಣಣ್ಣ. ಕೋಸಿನ್ ಬಾಡ್ಗ ಓಯ್ತದ," ಎಂದ ಮೆಕ್ಯಾನಿಕ್.

"ಓಗ್ಲಿ ಬುಡ್ಲಾ. ಅವ್ಳು ಅತ್ಲಿ."

ಹೊಸ ಗಾಡಿಗೆ ಮಾಡುವಂತೆ ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣಿಟ್ಟರು. ಅತ್ತೆ ಕೋಲನ್ನು ನನ್ನ ಕೈಗೆ ಕೊಟ್ಟು, ಬಾಗಿಲು ಹಿಡಿದು ಬಲಗಾಲು ಎತ್ತಿದರು. ಕಾಲು ನಡುಗಿತು... ಒಳಗೆ ಹೋಯಿತು. ಮಾವ ಆಚೆ ತಿರುಗಿ, ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸುತ್ತಿದ್ದರು.

ಕೋಸಿನ ಬಾಡಿಗೆ ಬೇರೆಯವರ ಪಾಲಾಯಿತು. ಊರವರು ಆಮೆ ಗಾಡಿ ಎಂದು ಆಡಿಕೊಂಡರು. ಮಾವ ಟಾರು ರಸ್ತೆಯ ಸಣ್ಣಪುಟ್ಟ ಬಾಡಿಗೆಗಳಲ್ಲೇ ಕಾಲ ಹಾಕಿದರು. ಅತ್ತೆ ಮಾತ್ರ ಮನಸ್ಸಾದಾಗಲೆಲ್ಲ ತಾಳಮಲೆಗೆ ಹೋಗಿ ಬಂದರು, ಕೊನೆಯವರೆಗೂ.

ಅತ್ತೆ ತೀರಿಕೊಂಡ ಮೇಲೆ, ಇನ್ನಾದರೂ ಪಟ್ಟಿ ಹಾಕಿಸಿ ಮಾವ ಎಂದೆ.

"ಪಟ್ಟಿ ಎಲ್ಲದವ್ವಾ? ಅವತ್ತೇ ಕುಲುಮಗ ಕೊಟ್ಟು ಮಚ್ಚು ಮಾಡ್ಸ್ಬುಟ್ಟಿ. ತಕೊ, ನೀನೊಂದ್ ಮಡಿಕ."

ಮಾವ ಹೋಗಿಯೂ ವರ್ಷಗಳಾದವು. ಗಾಡಿ ಗುಜರಿಗೆ ಹೋಯಿತು. ಕಳೆದ ವಾರ ತಿಗನಾರೆಯ ಮದುವೆಗೆ ಹೊರಟು ಪಿಕಪ್ಪಿನ ಬಾಗಿಲು ಹಿಡಿದರೆ, ನನ್ನ ಮೊಣಕಾಲು ಏಳಲಿಲ್ಲ. "ಎತ್ತಿ ಕೂರಿಸ್ಲಾ ಅತ್ತೆ?" ಎಂದು ಡ್ರೈವರ್ ಒಳ್ಳೆಯ ಮನಸ್ಸಿನಿಂದಲೇ ಕೇಳಿದ. ಬೇಡಪ್ಪ ಎಂದು ಮನೆಗೆ ಬಂದೆ.

ಮಚ್ಚು ಈಗಲೂ ಚೆನ್ನಾಗಿ ಹರಿತವಾಗುತ್ತದೆ. ಗಾಡಿ ತಗ್ಗಿಸುವವರು ಮಾತ್ರ ಈ ಬೀದಿಯಲ್ಲಿ ಯಾರೂ ಉಳಿದಿಲ್ಲ.