ಗೊಬ್ಬರದಂಗಡಿ ಮೇಲಿನ ನರ್ಸಿಂಗ್ ಶಾಲೆ

೧೯೮೫ನೇ ಇಸವಿ. ಕೊಟ್ಟೂರಿನಲ್ಲಿ ಆಗಷ್ಟೇ ನನ್ನ ಪಿ.ಯು.ಸಿ. ಮುಗಿದಿತ್ತು. ನಮ್ಮ ಮನೆತನದಲ್ಲಿ ಅಷ್ಟು ಓದಿದ ಮೊದಲ ಹೆಣ್ಣುಮಗಳು ನಾನೇ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿ ಕಡೆಗೆ ಹೋಗುವ ಹಳಿಯ ಮೇಲೆ ಸುತ್ತಿಗೆ ಹಿಡಿದು ನಡೆಯುವುದು, ಸಡಿಲಾದದ್ದನ್ನು ಬಿಗಿ ಮಾಡುವುದು ಅವರ ಕೆಲಸ. ಸಂಬಳ ದೊಡ್ಡದಲ್ಲ. ಆದರೆ ತಿಂಗಳಿಗೊಮ್ಮೆ ತಪ್ಪದೆ ಬರುತ್ತಿತ್ತು. ನಮ್ಮ ಓಣಿಯಲ್ಲಿ ಅದೇ ದೊಡ್ಡ ಮಾತು.

ನರ್ಸ್ ಆಗಬೇಕೆಂಬ ಆಸೆ ನನಗೆ ಹೈಸ್ಕೂಲಿನಲ್ಲಿ ಇದ್ದಾಗಲೇ ಹುಟ್ಟಿತ್ತು. ಆಗ ತಮ್ಮನಿಗೆ ಟೈಫಾಯಿಡ್ ಆಗಿ ಕೂಡ್ಲಿಗಿ ಆಸ್ಪತ್ರೆಯಲ್ಲಿ ಇಟ್ಟಿದ್ದರು. ಅವ್ವನ ಜೊತೆ ನಾನೂ ಅಲ್ಲೇ ಇದ್ದೆ. ಪಕ್ಕದ ಮಂಚದಲ್ಲಿ ಗುಡೇಕೋಟೆ ಕಡೆಯ ಒಬ್ಬ ಸಾಹುಕಾರರು ಮಲಗಿದ್ದರು. ಅವರ ಬಾಯಲ್ಲಿ ಎಲ್ಲರೂ ‘ಏ ಇವನೇ’, ‘ಏ ಇವಳೇ’. ಆದರೆ ಬಿಳಿ ಸೀರೆಯ ಸಿಸ್ಟರ್ ಹತ್ತಿರ ಬಂದರೆ ಸಾಕು, ಅವರ ದನಿ ಇಳಿದುಬಿಡುತ್ತಿತ್ತು. ‘ಒಂದ್ ಸಲ ನೋಡ್ರಿ ಸಿಸ್ಟರ್’ ಎನ್ನುತ್ತಿದ್ದರು. ನಮ್ಮ ಓಣಿಯ ಯಾವ ಹೆಂಗಸಿಗೂ ಯಾರೂ ‘ರಿ’ ಹಚ್ಚಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಆ ‘ರಿ’ ನನಗೂ ಬೇಕು ಅನಿಸಿತು. ಮೊದಲು ಅಷ್ಟೇ. ಆಮೇಲೆ ಆ ಸಿಸ್ಟರ್ ತಮ್ಮನ ಹಣೆಯ ಮೇಲೆ ಕೈ ಇಟ್ಟಾಗ ಅವನು ಅಳು ನಿಲ್ಲಿಸುವುದನ್ನು ನೋಡಿ, ಆ ಕೈಯೇ ಬೇಕು ಅನಿಸಿತು.

ಪಿ.ಯು.ಸಿ. ಆದಮೇಲೆ ಬಳ್ಳಾರಿಯ ಸರ್ಕಾರಿ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದೆ. ಸೀಟು ಸಿಗಲಿಲ್ಲ. ನನಗಿಂತ ಹೆಚ್ಚು ಅಂಕ ತೆಗೆದವರು ಬಹಳ ಮಂದಿ ಇದ್ದರು. ನಾನು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದೆ. ಅಪ್ಪನಿಗೆ ನೋಡಲಾಗಲಿಲ್ಲವೇನೋ, ಕೆಲಸದ ಜಾಗದಲ್ಲಿ ಅವರಿವರನ್ನು ಕೇಳಿದ್ದಾರೆ. ಹರಪನಹಳ್ಳಿಯಲ್ಲಿ ಹೊಸದಾಗಿ ಒಂದು ಖಾಸಗಿ ನರ್ಸಿಂಗ್ ಶಾಲೆ ಆಗಿದೆ, ಅಲ್ಲಿ ಅಂಕ ನೋಡುವುದಿಲ್ಲ, ಡೊನೇಷನ್ ಕೊಟ್ಟರೆ ಸೀಟು ಖಾತ್ರಿ ಎಂದು ಯಾರೋ ಹೇಳಿದರು.

ಆ ಡೊನೇಷನ್ ಅಪ್ಪನ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚಿತ್ತು. ಫೀಸು, ಊಟ, ಬಟ್ಟೆ ಬೇರೆ. ಸೋದರಮಾವ ಬಂದು ಕೂತು, ಇಷ್ಟು ಹಣದಲ್ಲಿ ನೌಕರಿ ಇರುವ ಹುಡುಗನಿಗೇ ಕೊಟ್ಟು ಮದುವೆ ಮಾಡಬಹುದು, ಇದೇನು ಹುಚ್ಚು ಎಂದು ಅಪ್ಪನಿಗೆ ಬುದ್ಧಿ ಹೇಳಿದರು. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿ ಹೇಳಿದಳು:

“ಮದಿವಿಗೆ ಕೊಟ್ಟಿದ್ದು ಅಳಿಯನ ಮನಿಗೆ ಹೋಗತೈತಿ. ಓದಿಗೆ ಕೊಟ್ಟಿದ್ದು ಇಕಿ ಕೈಯಾಗ ಇರತೈತಿ.”

ಮನೆಯಲ್ಲಿ ತನ್ನ ಅಣ್ಣನ ಎದುರು ಅವ್ವ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಮರುದಿನ ಅವಳ ಬಂಗಾರದ ಬೋರಮಾಳ ಸರ ಗಿರವಿ ಅಂಗಡಿಗೆ ಹೋಯಿತು. ಅಪ್ಪ ಪ್ರಾವಿಡೆಂಟ್ ಫಂಡಿನಿಂದಲೂ ಹಣ ತೆಗೆದರು.

ಒಂದು ಬುಧವಾರ ಬೆಳಿಗ್ಗೆ ಅಪ್ಪ, ನಾನು ಹರಪನಹಳ್ಳಿ ಬಸ್ಸು ಹತ್ತಿದೆವು. ಅಪ್ಪ ಹಣವನ್ನು ಬಟ್ಟೆಯಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡು ಮೇಲೆ ಅಂಗಿ ಹಾಕಿದ್ದರು. ಬಸ್ಸು ಕುಲುಕಿದಾಗಲೆಲ್ಲ ಅವರ ಕೈ ಸೊಂಟಕ್ಕೆ ಹೋಗುತ್ತಿತ್ತು. ನಾನು ಕಿಟಕಿಯಿಂದ ಜೋಳದ ಹೊಲಗಳನ್ನು ನೋಡುತ್ತ, ಮೂರು ವರ್ಷ ಆದಮೇಲೆ ಇದೇ ದಾರಿಯಲ್ಲಿ ಬಿಳಿ ಸೀರೆ ಉಟ್ಟು ಬರುವ ಕನಸಿನಲ್ಲಿದ್ದೆ. ಅಷ್ಟು ಸಂತೋಷದ ಪ್ರಯಾಣ ನನ್ನ ಬದುಕಿನಲ್ಲಿ ಮತ್ತೆ ಬರಲಿಲ್ಲ ಅಂತಲೇ ಹೇಳಬೇಕು.

ಶಾಲೆ ಇದ್ದದ್ದು ಒಂದು ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಯೂರಿಯಾದ ಘಾಟು ಮೂಗಿಗೆ ಬಡಿಯಿತು. ಮೇಲೆ ಎರಡು ಕೋಣೆ, ಒಂದು ಆಫೀಸು. ಗೋಡೆಯ ಮೇಲೆ ಅಸ್ಥಿಪಂಜರದ ಚಿತ್ರ, ಮೂಲೆಯಲ್ಲಿ ಒಂದು ಕಬ್ಬಿಣದ ಮಂಚ, ಅದರ ಮೇಲೆ ಬಟ್ಟೆಯ ಬೊಂಬೆ. ಬಿಳಿ ಸೀರೆ ಉಟ್ಟ ಹುಡುಗಿಯರು ಬೆಂಚಿನ ಮೇಲೆ ಕೂತು ಬರೆಯುತ್ತಿದ್ದರು. ನನಗೆ ಆ ಬಿಳಿ ಸೀರೆ ಬಿಟ್ಟರೆ ಬೇರೇನೂ ಕಾಣಲಿಲ್ಲ.

ಸಫಾರಿ ತೊಟ್ಟ ಮ್ಯಾನೇಜರ್ ನಮ್ಮನ್ನು ಚೆನ್ನಾಗಿಯೇ ಮಾತಾಡಿಸಿದರು. ಕೋರ್ಸ್ ಮುಗಿಸಿದವರಿಗೆ ಬೊಂಬಾಯಿ, ಕುವೈತ್ ಎಲ್ಲ ಕಡೆಯಿಂದ ಕರೆ ಬರುತ್ತದೆ, ಪ್ರಾಕ್ಟೀಸಿಗೆ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇವೆ ಎಂದರು. ಅಪ್ಪ ಕುರ್ಚಿಯ ಅಂಚಿನಲ್ಲಿ ಕೈಮುಗಿದುಕೊಂಡೇ ಕೂತಿದ್ದರು. ನನ್ನ ಮೂಲ ಅಂಕಪಟ್ಟಿಗಳು ಕೋರ್ಸ್ ಮುಗಿಯುವವರೆಗೆ ಶಾಲೆಯಲ್ಲೇ ಇರಬೇಕು, ಅದು ನಿಯಮ ಎಂದೂ ಹೇಳಿದರು. ಅಷ್ಟರಲ್ಲಿ ಅವರಿಗೆ ಯಾರೋ ಕರೆ ಕಳಿಸಿದರು. ಊಟ ಮುಗಿಸಿ ಬರುತ್ತೇನೆ, ಆಮೇಲೆ ಹಣ ಕಟ್ಟಿ ರಸೀದಿ ತಗೊಳ್ಳಿ ಎಂದು ಹೇಳಿ ಹೋದರು.

ನಮ್ಮ ಬುತ್ತಿ ಬಿಚ್ಚಲು ನಾವು ಹಿಂದಿನ ಅಂಗಳಕ್ಕೆ ಇಳಿದೆವು. ಅಲ್ಲಿ ನಲ್ಲಿಯ ಹತ್ತಿರ ಒಬ್ಬ ವಿದ್ಯಾರ್ಥಿನಿ ಹಾಸ್ಟೆಲಿನ ಕೊಡಕ್ಕೆ ನೀರು ಹಿಡಿಯುತ್ತಿದ್ದಳು. ನನಗಿಂತ ಒಂದೆರಡು ವರ್ಷ ದೊಡ್ಡವಳು. ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿದ್ದಳು. ಯಾವೂರು, ಏನು ಎಂದು ಅವಳೇ ಮಾತಾಡಿಸಿದಳು. ಅವಳ ಹೆಸರು ಗಿರಿಜಾ, ಊರು ನೀಲಗುಂದ. ಎರಡನೇ ವರ್ಷದಲ್ಲಿ ಇದ್ದಳು. ನಾನು ಹೊಸದಾಗಿ ಸೇರಲು ಬಂದವಳು ಎಂದು ತಿಳಿದಾಗ ಅವಳ ಮುಖದ ನಗು ಹೋಯಿತು. ಸುತ್ತ ನೋಡಿ, ಅಂಕಪಟ್ಟಿ ಕೊಟ್ಟೆಯಾ ಎಂದು ಕೇಳಿದಳು. ಇನ್ನೂ ಇಲ್ಲ ಎಂದೆ.

“ಕೊಡಬ್ಯಾಡ” ಎಂದಳು. “ಒಮ್ಮಿ ಕೊಟ್ರ ಮೂರು ವರ್ಷದ ಫೀಸು ಪೂರ್ತಿ ಕಟ್ಟಿದ ಮ್ಯಾಲೇ ವಾಪಸ್ ಕೊಡೋದು. ನಂದು ಅಲ್ಲೇ ಬೀರುವಿನ್ಯಾಗ ಐತಿ.”

ನನಗೆ ಸಿಟ್ಟು ಬಂತು. ನೀನು ಮಾತ್ರ ಬಿಳಿ ಸೀರೆ ಉಟ್ಟುಕೊಂಡು ನನಗೆ ಬೇಡ ಅನ್ನುತ್ತೀಯಲ್ಲ ಅನಿಸಿತು. ಆದರೆ ರೊಟ್ಟಿ ಕೈಯಲ್ಲಿ ಹಿಡಿದ ಅಪ್ಪ ಎದ್ದು ಹತ್ತಿರ ಬಂದರು. ಅವಳನ್ನು ಮೆಲ್ಲಗೆ ಕೇಳಿದರು:

“ಯವ್ವಾ, ನೀನೂ ನನ್ನ ಮಗಳಿದ್ದಂಗ. ಖರೇ ಹೇಳು. ನಿಮ್ಮಪ್ಪ ಕೊಟ್ಟಿದ್ದಕ್ಕ ತಕ್ಕಂಗ ಕಲಿಸ್ಯಾರೇನು?”

ಅವಳು ನಲ್ಲಿ ನಿಲ್ಲಿಸಲಿಲ್ಲ. ನೀರಿನ ಸದ್ದಿನಲ್ಲಿ ಮೇಲಿನವರಿಗೆ ಮಾತು ಕೇಳಿಸದಿರಲಿ ಎಂದಿರಬೇಕು.

“ಟೀಚರ್ ಒಬ್ರು ಅದಾರ್ರಿ, ಚಲೋ ಹೇಳಿಕೊಡ್ತಾರ. ಸುಳ್ಳು ಹೇಳಬಾರದು. ಆದ್ರ ಆಸ್ಪತ್ರಿ ಮೆಟ್ಟಿಲು ಹತ್ತಿಸಿಲ್ರಿ. ಮುಂದಿನ ತಿಂಗಳು, ಮುಂದಿನ ತಿಂಗಳು ಅಂತಾರ. ಬ್ಯಾನಿ ಬಿದ್ದ ಮನುಷ್ಯಾನ್ನ ನಾನು ಇನ್ನಾ ಮುಟ್ಟಿಲ್ರಿ ಕಾಕಾ.”

ಅಪ್ಪ ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಯಲ್ಲಿ ವಾಪಸ್ ಇಟ್ಟರು. ನಾನು, ಹಾಗಾದರೆ ನೀನೇಕೆ ಇಲ್ಲಿ ಇದ್ದೀಯ ಎಂದು ಒರಟಾಗಿಯೇ ಕೇಳಿದೆ. ಅವಳು ಬೇಸರ ಮಾಡಿಕೊಳ್ಳಲಿಲ್ಲ. ತನ್ನ ಅಪ್ಪ ಎತ್ತು ಮಾರಿ ಕಟ್ಟಿದ್ದಾನೆ, ನನ್ನ ಮಗಳು ನರ್ಸ್ ಆಗುತ್ತಾಳೆ ಎಂದು ಊರಿಗೆಲ್ಲ ಹೇಳಿದ್ದಾನೆ, ಈಗ ಯಾವ ಮುಖ ಹೊತ್ತು ಹೋಗಲಿ ಎಂದಳು. ಆಮೇಲೆ ಇದ್ದಕ್ಕಿದ್ದಂತೆ, ನಿನ್ನ ಕೈ ಕೊಡು ಎಂದಳು. ನನ್ನ ಮಣಿಕಟ್ಟು ಹಿಡಿದು ಎರಡು ಬೆರಳು ಒತ್ತಿ ಕಣ್ಣು ಮುಚ್ಚಿ ನಿಂತಳು. ಅವರು ಹುಡುಗಿಯರು ಒಬ್ಬರ ನಾಡಿ ಒಬ್ಬರು ನೋಡಿಯೇ ಕಲಿಯುತ್ತಿದ್ದರಂತೆ. ಎಲ್ಲರ ನಾಡಿಯೂ ಬಾಯಿಪಾಠ ಆಗಿಬಿಟ್ಟಿದೆ, ಹೊಸ ಕೈ ಸಿಕ್ಕು ಬಹಳ ದಿನ ಆಗಿತ್ತು ಎಂದು ನಕ್ಕಳು. ಅವಳ ಬೆರಳು ತಣ್ಣಗಿದ್ದವು, ಹಗುರವಾಗಿದ್ದವು. ಇವಳು ಒಳ್ಳೆಯ ನರ್ಸ್ ಆಗುತ್ತಾಳೆ ಎಂದು ಆ ಸಿಟ್ಟಿನಲ್ಲೂ ನನಗೆ ಅನಿಸಿತು.

ಮೇಲಿನಿಂದ ಯಾರೋ ಅವಳ ಹೆಸರು ಕೂಗಿದರು. ಕೊಡ ಎತ್ತಿಕೊಂಡು ಅವಳು ಹೋದಳು. ತಿರುಗಿ ನೋಡಲಿಲ್ಲ.

ನಾವು ಮತ್ತೆ ಮೇಲೆ ಹೋಗಿ ಆಫೀಸಿನಲ್ಲಿ ಕಾದೆವು. ಮ್ಯಾನೇಜರ್ ಬಂದಾಗ ಅಪ್ಪ ಎದ್ದು ನಿಂತು, ಇನ್ನೊಂದು ಮಾತು ಮನೆಯಲ್ಲಿ ಕೇಳಿ ಬರುತ್ತೇವೆ ಎಂದರು. ಮ್ಯಾನೇಜರ್ ಮುಖ ಬದಲಾಯಿತು. ನಾಳೆ ಸೀಟು ಇರುವುದಿಲ್ಲ ಎಂದರು. ಆಮೇಲೆ ಒಳಗೆ ಕೂತ ಹುಡುಗಿಯರ ಕಡೆ ನೋಡಿ, “ಯಾರಾದ್ರೂ ಏನಾದ್ರೂ ಹೇಳಿದ್ರಾ ನಿಮಗೆ?” ಎಂದು ಕೇಳಿದರು.

ಗಿರಿಜಾ ಎರಡನೇ ಬೆಂಚಿನಲ್ಲಿ ತಲೆ ಬಗ್ಗಿಸಿ ಬರೆಯುತ್ತಿದ್ದಳು.

“ಯಾರೂ ಏನೂ ಹೇಳಿಲ್ರಿ” ಎಂದರು ಅಪ್ಪ. “ರೊಕ್ಕ ಹೊಂದಲಿಲ್ರಿ ಸಾಹೇಬ್ರ. ಅಷ್ಟ ನಮ್ಮ ಕೈಲೆ ಆಗಂಗಿಲ್ಲ.”

ಹಣ ಅವರ ಸೊಂಟದಲ್ಲೇ ಇತ್ತು. ದುಡ್ಡಿಲ್ಲದವರು ಯಾಕೆ ಬಂದು ಹೊತ್ತು ಹಾಳು ಮಾಡುತ್ತೀರಿ ಎಂದು ಆ ಮನುಷ್ಯ ಎಲ್ಲರ ಎದುರು ಅಂದರು. ಅಪ್ಪ ತಪ್ಪಾಯಿತು ಎನ್ನುವಂತೆ ಕೈಮುಗಿದು ನನ್ನನ್ನು ಕರೆದುಕೊಂಡು ಇಳಿದರು. ಒಬ್ಬರಿಗೂ ಕೈಚಾಚದೆ ಬದುಕಿದ ಮನುಷ್ಯ ಅವರು.

ಬಸ್ಸಿನಲ್ಲಿ ನಾನು ಅಪ್ಪನ ಕಡೆ ಬೆನ್ನು ಮಾಡಿ ಕೂತೆ. ಮನೆಗೆ ಬಂದು ಬಹಳ ಅತ್ತೆ. ಅಪ್ಪ ಮರುದಿನವೇ ಸರ ಬಿಡಿಸಿಕೊಂಡು ಬಂದರು. ಅವ್ವ ಅದನ್ನು ಕೊರಳಿಗೆ ಹಾಕಿಕೊಳ್ಳದೆ ಡಬ್ಬಿಯಲ್ಲಿಟ್ಟಳು. ಮುಂದಿನ ವರ್ಷ ಮತ್ತೆ ಬೇಕಾದೀತು ಎಂದಳು, ಅಷ್ಟೇ.

ಆ ಒಂದು ವರ್ಷ ಕಳೆಯುವುದು ಬಹಳ ಕಷ್ಟವಾಯಿತು. ಓರಗೆಯವರಲ್ಲಿ ಕೆಲವರಿಗೆ ಮದುವೆಯಾಯಿತು, ಕೆಲವರು ಮುಂದೆ ಓದಲು ಹೋದರು. ನಾನು ಟೇಲರಿಂಗ್ ಕಲಿಯುತ್ತ ಹೆಂಗಸರ ಜಾಕೀಟಿನ ತೋಳು ಹೊಲಿಯುತ್ತಿದ್ದೆ. ಒಮ್ಮೊಮ್ಮೆ ಗಿರಿಜಾ ಹೊಟ್ಟೆಕಿಚ್ಚಿನಿಂದ ಹೇಳಿರಬಹುದೇ ಎಂಬ ಅನುಮಾನವೂ ಬರುತ್ತಿತ್ತು. ಇಷ್ಟರಲ್ಲಿ ಅವಳು ಆಸ್ಪತ್ರೆಗೆ ಹೋಗಲು ಶುರು ಮಾಡಿರುತ್ತಾಳೆ, ನಾನು ಇಲ್ಲೇ ಕೊಳೆಯುತ್ತಿದ್ದೇನೆ ಎಂದು ಕೊರಗುತ್ತಿದ್ದೆ.

ಮರುವರ್ಷ ಮತ್ತೆ ಅರ್ಜಿ ಹಾಕಿದೆ. ಆ ಸಲ ಪೈಪೋಟಿ ಕಡಿಮೆಯಿತ್ತು, ಬಳ್ಳಾರಿಯಲ್ಲಿ ಸೀಟು ಸಿಕ್ಕಿತು. ಡೊನೇಷನ್ ಇಲ್ಲ, ಹಾಸ್ಟೆಲ್ ಇತ್ತು, ಮೇಲೆ ತಿಂಗಳಿಗೆ ಸ್ವಲ್ಪ ಸ್ಟೈಪೆಂಡ್. ಕೆಲವು ದಿನಗಳಲ್ಲೇ ವಾರ್ಡಿಗೆ ಬಿಟ್ಟರು. ಹಡಗಲಿ ಕಡೆಯ ಒಬ್ಬ ಮುದುಕಿಯ ಬೆನ್ನು ಒರೆಸಲು ಹೇಳಿದರು. ನಾನು ಅವಸರದಲ್ಲಿ ಬಟ್ಟೆ ಅದ್ದಿ ನೀರು ಚೆಲ್ಲಿದೆ. ಆ ಮುದುಕಿ ನೋವಿನಲ್ಲೂ ‘ನಿಧಾನಕ ಮಾಡವ್ವ, ನಾ ಎಲ್ಲಿಗೂ ಓಡಿ ಹೋಗಂಗಿಲ್ಲ’ ಎಂದಳು. ಬೆಚ್ಚಗಿನ, ಸುಕ್ಕುಗಟ್ಟಿದ ಆ ಚರ್ಮ ಮುಟ್ಟಿದ ಕ್ಷಣ ನನಗೆ ಗಿರಿಜಾ ನೆನಪಾದಳು. ಇದು ಅವಳಿಗೆ ಈಗಲಾದರೂ ಸಿಕ್ಕಿದೆಯೋ ಇಲ್ಲವೋ ಎಂದುಕೊಂಡೆ.

ಮೊದಲ ದಸರೆ ರಜೆಗೆ ಬಂದಾಗ ಗಿರಿಜಾಳನ್ನು ನೋಡಲು ಅಪ್ಪನ ಜೊತೆ ಹರಪನಹಳ್ಳಿಗೆ ಹೋದೆ. ಮಹಡಿಗೆ ಬೀಗ ಹಾಕಿತ್ತು, ಬೋರ್ಡು ಇರಲಿಲ್ಲ. ಗೊಬ್ಬರದ ಅಂಗಡಿಯವರು, ಬೇಸಿಗೆಯಲ್ಲೇ ಶಾಲೆ ಮುಚ್ಚಿತು, ಹೆತ್ತವರು ಬಂದು ಜಗಳ ಮಾಡಿ ಅಂಕಪಟ್ಟಿ ಬಿಡಿಸಿಕೊಂಡು ಹೋದರು, ಹಣ ಮಾತ್ರ ಯಾರಿಗೂ ಬರಲಿಲ್ಲ ಎಂದರು. ಅಲ್ಲಿಂದ ನೀಲಗುಂದಕ್ಕೆ ಹೋದೆವು. ನರ್ಸ್ ಓದಲು ಹೋಗಿದ್ದ ಗಿರಿಜಾ ಎಂದಾಗ ಭೀಮೇಶ್ವರ ಗುಡಿಯ ಹತ್ತಿರ ಇದ್ದವರು ಮನೆ ತೋರಿಸಿದರು.

ಅವಳ ಅವ್ವ ಒಬ್ಬಳೇ ಇದ್ದಳು. ಗಿರಿಜಾ ಮದುವೆಯಾಗಿ ರಾಣೆಬೆನ್ನೂರು ಕಡೆ ಹೋಗಿದ್ದಳು. ನಾನು ಯಾರು, ಯಾಕೆ ಬಂದೆ ಎಂದು ಎಲ್ಲ ಹೇಳಿದೆ. ಅವಳಿಂದಲೇ ನಾನು ಉಳಿದೆ, ಈಗ ಬಳ್ಳಾರಿಯಲ್ಲಿ ಕಲಿಯುತ್ತಿದ್ದೇನೆ ಎಂದೆ. ಆ ತಾಯಿ ಕೇಳುತ್ತ ಕೇಳುತ್ತ ನನ್ನ ಕೈಗಳನ್ನೇ ನೋಡುತ್ತಿದ್ದಳು. ರೊಟ್ಟಿ, ಕಾಳುಪಲ್ಯ ಬಡಿಸಿದಳು. ಇನ್ನೊಂದು ಸ್ವಲ್ಪ ಹೊತ್ತು ಕೂರು, ಬಸ್ಸಿಗೆ ಹೊತ್ತಿದೆ ಎಂದು ಎರಡು ಸಲ ಹೇಳಿದಳು. ಹೊರಡುವಾಗ ನಾನು, ಗಿರಿಜಾಗೆ ನಾನು ಬಂದಿದ್ದೆ ಎಂದು ಹೇಳಿ, ನನಗೆ ಸೀಟು ಸಿಕ್ಕಿತು ಎಂದು ಹೇಳಿ ಎಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

“ಕೇಳಿದ್ರ ಖುಷಿ ಪಡ್ತಾಳವ್ವ, ಅಂಥಾಕಿನೇ ಅಕಿ. ಆದ್ರ ನಾ ಹೇಳಂಗಿಲ್ಲ. ಸಿಟ್ಟಾಗಬ್ಯಾಡ. ಅಳೋದು ಈಗಷ್ಟ ಬಿಟ್ಟಾಳ.”

ನಾನು ವಿಳಾಸ ಕೇಳಲಿಲ್ಲ.

ನಾನು ನರ್ಸ್ ಆಗಿ ಈ ಸೀಮೆಯ ಆಸ್ಪತ್ರೆಗಳಲ್ಲೇ ಕೆಲಸ ಮಾಡಿ ನಿವೃತ್ತಳಾದೆ. ಈಗ ಊರೂರಿಗೂ ನರ್ಸಿಂಗ್ ಕಾಲೇಜುಗಳಿವೆ. ಎಷ್ಟೋ ತಂದೆತಾಯಿಯರು ಬಂದು, ಇಷ್ಟು ಹಣ ಕೊಡಬಹುದಾ ಸಿಸ್ಟರ್ ಎಂದು ಕೇಳುತ್ತಾರೆ. ಎಲ್ಲ ಕಾಲೇಜುಗಳೂ ಕೆಟ್ಟವಲ್ಲ. ಖಾಸಗಿಯಲ್ಲಿ ಕಲಿತು ಬಂದ ಬಹಳ ಒಳ್ಳೆಯ ಹುಡುಗಿಯರ ಜೊತೆ ನಾನು ಕೆಲಸ ಮಾಡಿದ್ದೇನೆ. ಹಣದ ಮಾತು ಆಮೇಲೆ ಆಡಿ, ಮೊದಲು ಅಲ್ಲಿ ಓದುವ ಹುಡುಗಿಯೊಬ್ಬಳನ್ನು ಒಂಟಿಯಾಗಿ ಮಾತಾಡಿಸಿ, ರೋಗಿಯನ್ನು ಮುಟ್ಟಿದ್ದು ಯಾವಾಗ ಎಂದು ಕೇಳಿ ಎನ್ನುತ್ತೇನೆ.

ಗಿರಿಜಾಳ ಮುಖ ಈಗ ನನಗೆ ಸರಿಯಾಗಿ ನೆನಪಿಗೆ ಬರುವುದಿಲ್ಲ. ನಮ್ಮಿಬ್ಬರ ಗೆಳೆತನ ಒಂದು ಕೊಡ ತುಂಬುವಷ್ಟು ಹೊತ್ತಿನದು. ಆದರೂ ರಾಣೆಬೆನ್ನೂರು ಕಡೆಯ ಹೆಂಗಸರು ಯಾರಾದರೂ ವಾರ್ಡಿಗೆ ಬಂದರೆ ಅವರ ಮಂಚದ ಹತ್ತಿರ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿದ್ದೆ. ನಾನು ಮಾಡಿದ ಕೆಲಸದಲ್ಲಿ ಅರ್ಧ ನಿನ್ನದೇ ಕಣೇ ಎಂದು ಅವಳಿಗೆ ಹೇಳಬೇಕು ಎನ್ನುವ ಆಸೆ ಇನ್ನೂ ಹಾಗೇ ಇದೆ. ಕೇಳಿದರೆ ಅವಳು ನಗುತ್ತಾಳೋ, ಮತ್ತೆ ಅಳುತ್ತಾಳೋ, ನನಗೆ ಗೊತ್ತಿಲ್ಲ.