ತಲೆಕಟ್ಟು ಕೆಳಗಾದ ವರ್ಷ

ಆ ಶಾಲೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಸಮನೆ ಒಂದನೇ ತರಗತಿಗೆ ಪಾಠ ಹೇಳಿದ್ದರಿಂದ ಮಕ್ಕಳಿಗೂ, ಅವರ ಅಪ್ಪ ಅಮ್ಮಂದಿರಿಗೂ, ಕೊನೆಗೆ ಬೀದಿಯ ಮೂಲೆಯ ಔಷಧಿ ಅಂಗಡಿಯವನಿಗೂ ಅವಳು 'ಒಂದನೇ ಮಿಸ್ಸು'. ಹೊಲಿಗೆ ಯಂತ್ರ ರಿಪೇರಿ ಮಾಡುವ ಅವಳ ಗಂಡನನ್ನೂ ಜನ 'ಒಂದನೇ ಮಿಸ್ಸಿನ ಯಜಮಾನ್ರು' ಎಂದೇ ಗುರುತಿಸುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. "ಹಾಗಾದ್ರೆ ಎರಡನೇ ಮಿಸ್ಸು ಯಾರು ಅಂತ ಯಾರೂ ಕೇಳದಿದ್ರೆ ಸಾಕು" ಎನ್ನುತ್ತಿದ್ದ.

ಬೇರೆ ಶಿಕ್ಷಕರು ಒಂದೆರಡು ವರ್ಷ ಮೂಗು ಒರೆಸಿ, ಶೂ ದಾರ ಕಟ್ಟಿ, ಸಾಕಪ್ಪಾ ಸಾಕೆಂದು ಮೇಲಿನ ತರಗತಿ ಕೇಳಿಕೊಂಡು ಹೋಗುತ್ತಿದ್ದರು. ಅವಳು ಕೇಳಲಿಲ್ಲ. ಬರೀ ಗೀಟುಗಳ ಗೋಜಲಾಗಿ ಕಾಣುತ್ತಿದ್ದುದು ಒಂದು ದಿನ ಇದ್ದಕ್ಕಿದ್ದಂತೆ ಮಾತಾಗಿ ಕಾಣುತ್ತದಲ್ಲ, ಆಗ ಮಗುವಿನ ಮುಖದಲ್ಲಿ ಏನೋ ಒಂದು ಹೊಳೆದುಹೋಗುತ್ತದೆ. ಅದು ನೋಡಲು ಸಿಗುವುದು ಒಂದನೇ ತರಗತಿಯಲ್ಲಿ ಮಾತ್ರ. ವರ್ಷಕ್ಕೆ ಮೂವತ್ತು ಸಲ ಅದನ್ನು ನೋಡುವ ಚಟ ಅವಳಿಗೆ ಅಂಟಿಕೊಂಡಿತ್ತು.

ಸಾಂಕ್ರಾಮಿಕ ಬಂದು ಶಾಲೆಗೆ ಬೀಗ ಬಿತ್ತು. ಆ ವರ್ಷ ಅವಳ ಪಟ್ಟಿಯಲ್ಲಿದ್ದುದು ಮೂವತ್ತೊಂದು ಮಕ್ಕಳು. ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ. ಮೊದಲ ವಾರವೇ ಹೆಡ್ ಮಿಸ್ಸು ಎಲ್ಲರ ಫೋನಿಗೆ 'ಶಿಕ್ಷಕರಿಗೆ ಉಪಯುಕ್ತ ಸಂಪನ್ಮೂಲಗಳು' ಎಂಬ ಪಟ್ಟಿ ಕಳಿಸಿದರು. ಒಟ್ಟು ಐವತ್ತಮೂರು ಲಿಂಕು. ಉಳಿದ ಶಿಕ್ಷಕರು ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾದರು. ಒಂದನೇ ಮಿಸ್ಸು ಮಾತ್ರ ಭಾನುವಾರವಿಡೀ ಕೂತು ಐವತ್ತಮೂರನ್ನೂ ಬಿಚ್ಚಿ ನೋಡಿದಳು. ಕೆಲವು ತೆರೆಯಲೇ ಇಲ್ಲ. ಕೆಲವನ್ನು ಬರೆದವರು ಪ್ರತಿ ಮಗುವಿಗೂ ಒಂದು ಕೋಣೆ, ಪ್ರತಿ ಕೋಣೆಗೂ ಒಂದು ಕಂಪ್ಯೂಟರ್ ಇದೆಯೆಂದು ನಂಬಿಕೊಂಡಿದ್ದರು. ನಲವತ್ತೊಂಬತ್ತನೆಯದರಲ್ಲಿ ಯಾರೋ ನಿವೃತ್ತ ಶಿಕ್ಷಕಿ ಕೈಯಲ್ಲಿ ಬರೆದು ಫೋಟೊ ತೆಗೆದು ಹಾಕಿದ ಅರ್ಧ ಪುಟವಿತ್ತು. 'ಫೋನ್ ಇಲ್ಲದ ಮಗುವಿಗೆ ಕಾಗದ ಕಳಿಸಿ. ಒಂದು ಹಾಳೆಗೆ ಒಂದೇ ಕೆಲಸ. ಕೆಳಗೆ ಒಂದು ಖಾಲಿ ಚೌಕ ಬಿಡಿ, ಮಗುವಿಗೂ ನಿಮಗೆ ಹೇಳುವುದು ಏನಾದರೂ ಇರುತ್ತದೆ.' ಕೆಳಗೆ ಒಂದು ಫೋನ್ ನಂಬರು. ಅವಳು ಅದಿಷ್ಟನ್ನೂ ಬರೆದಿಟ್ಟುಕೊಂಡು, ಉಳಿದ ಐವತ್ತೆರಡಕ್ಕೆ ಕೈಮುಗಿದಳು.

ಫೋನಿನ ಪಾಠಕ್ಕೆ ಸಿಕ್ಕವರು ಹನ್ನೊಂದೇ ಮಕ್ಕಳು. ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದ ಗಂಡ ಹಳೆಯ ಹೊಲಿಗೆ ಯಂತ್ರದ ತೋಳಿಗೆ ಎರಡು ಕ್ಲಿಪ್ಪು ಬಿಗಿದು ಫೋನು ನಿಲ್ಲಿಸಲು ಸ್ಟ್ಯಾಂಡ್ ಮಾಡಿಕೊಟ್ಟ. ಅತ್ತೆ ಆ ಸ್ಟ್ಯಾಂಡಿನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಮಕ್ಕಳಿಗಿಂತ ಮುಂಚೆ ತಾವೇ ಉತ್ತರ ಹೇಳಿಬಿಡುತ್ತಿದ್ದರು.

"ಅತ್ತೆ, ಮಕ್ಕಳು ಹೇಳ್ಲಿ ಬಿಡಿ."

"ಅವು ಬಾಯಿ ಬಿಡೋ ಹೊತ್ತಿಗೆ ಲೈನು ಕಟ್ಟಾಗತ್ತೆ. ಒಬ್ಬರಾದ್ರೂ ಹೇಳ್ಬೇಕಲ್ಲ."

ಆ ಮಾತನ್ನೂ ತೆಗೆದುಹಾಕುವಂತಿರಲಿಲ್ಲ.

ಉಳಿದ ಇಪ್ಪತ್ತು ಮಕ್ಕಳಿಗೆ ಕಾಗದದ ಚೀಲ. ಸೋಮವಾರ ಬೆಳಿಗ್ಗೆ ಶಾಲೆಯ ಗೇಟಿಗೆ ಇಪ್ಪತ್ತು ಚೀಲ ನೇತುಹಾಕಿ, ಹಿಂದಿನ ವಾರದ್ದನ್ನು ಇಳಿಸಿಕೊಂಡು ಬರುತ್ತಿದ್ದಳು. ಬಂದ ಹಾಳೆಗಳನ್ನು ಎರಡು ದಿನ ಕಿಟಕಿಯ ಬಿಸಿಲಿಗೆ ಹರವಿಟ್ಟು ಆಮೇಲೆ ಮುಟ್ಟುವುದು. ಖಾಲಿ ಚೌಕಗಳಲ್ಲಿ ಬೆಕ್ಕು, ಆಂಬುಲೆನ್ಸು, ಉದ್ದಾನುದ್ದ ಮಲಗಿದ ಅಪ್ಪ, ಹೀಗೆ ಏನೇನೋ ಇರುತ್ತಿತ್ತು. ಆದರೆ ಮಗುವಿಗೆ ನಿಜಕ್ಕೂ ಓದು ಬಂದಿದೆಯೋ ಇಲ್ಲವೋ ಎಂದು ಕಾಗದ ನೋಡಿ ಹೇಗೆ ಹೇಳುವುದು? ಬರೆದದ್ದು ಮಗುವೋ, ಅಮ್ಮನೋ? ಈ ಯೋಚನೆ ಅವಳನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಚೀಲದ ಹಾಳೆಗಳು ಮಾತ್ರ ಅವಳಿಗೆ ತುಸು ಸಮಾಧಾನ ಕೊಡುತ್ತಿದ್ದವು. ಅಕ್ಷರ ಅಂಕುಡೊಂಕು, ಆದರೆ ಒಂದೂ ತಪ್ಪಿಲ್ಲ. ಮಗುವೇ ಬರೆದದ್ದೆಂಬುದರಲ್ಲಿ ಸಂಶಯವಿಲ್ಲ. ಕೈ ಉಜ್ಜಿ ಸಾಲಿಗೆ ಸಾಲೇ ಪೆನ್ಸಿಲ್ಲಿನ ಮಸಿ ಹರಡಿರುತ್ತಿತ್ತು. ಎಡಗೈಯಲ್ಲಿ ಬರೆಯುವ ಮಕ್ಕಳ ಹಾಳೆ ಹಾಗೆ ಮಸಿಯಾಗುವುದನ್ನು ಅವಳು ಬೇಕಾದಷ್ಟು ಕಂಡಿದ್ದಳು. 'ಎಡಗೈ ಮಗು. ಬೆಂಚಿನ ಎಡತುದಿಗೆ ಕೂರಿಸಬೇಕು' ಎಂದು ಡೈರಿಯಲ್ಲಿ ಗುರುತು ಹಾಕಿಕೊಂಡಳು.

ಹತ್ತು ತಿಂಗಳ ಮೇಲೆ ಶಾಲೆ ತೆರೆಯಿತು. ಮೊದಲ ದಿನ ಇಪ್ಪತ್ತೊಂಬತ್ತು ಮಕ್ಕಳು ಬಂದರು, ಮೂರನೇ ದಿನ ಉಳಿದಿಬ್ಬರೂ. ಹಾಜರಿ ಪುಸ್ತಕದಲ್ಲಿ ಒಂದು ಸಾಲೂ ಖಾಲಿ ಬಿಡದೆ ಗುರುತು ಹಾಕಿ, ಇನ್ನೊಮ್ಮೆ ಮೇಲಿನಿಂದ ಕೆಳಗೆ ಎಣಿಸಿದಳು. ಮಾಸ್ಕಿನ ಮೇಲೆ ಬರೀ ಕಣ್ಣುಗಳು, ಆದರೂ ಮೂವತ್ತೊಂದು ಜೊತೆ ಕಣ್ಣುಗಳು.

ಮಾರನೇ ದಿನದಿಂದ ಒಬ್ಬೊಬ್ಬರನ್ನೇ ಮೇಜಿನ ಬಳಿ ಕರೆದು ಐದು ಸಾಲು ಓದಿಸತೊಡಗಿದಳು. ಕೆಲವರು ಸರಾಗ, ಕೆಲವರು ಅರ್ಧಂಬರ್ಧ, ಕೆಲವರದು ಚಿತ್ರ ನೋಡಿ ಕಟ್ಟಿದ ಕತೆ. ಮಸಿ ಹಾಳೆಯ ಮಗು ಬಂದಳು. ಪುಟ್ಟ ದೇಹ, ಮಾಸ್ಕು ಕಣ್ಣಿನ ತನಕ. ಮನೆಯಲ್ಲಿ ಎಲ್ಲರೂ 'ಗುಬ್ಬಿ' ಅನ್ನುತ್ತಾರೆ ಎಂದು ತಾನಾಗಿ ಹೇಳಿದಳು. ಪುಸ್ತಕ ಕೈಗೆ ತೆಗೆದುಕೊಂಡವಳೇ ಅದನ್ನು ತಲೆಕೆಳಗು ಮಾಡಿ ಮೇಜಿನ ಮೇಲಿಟ್ಟು, ಕೆಳಗಿನ ಬಲಮೂಲೆಗೆ ಬೆರಳು ಊರಿ, ಬಲದಿಂದ ಎಡಕ್ಕೆ, ಕೆಳಗಿನ ಸಾಲಿನಿಂದ ಮೇಲಕ್ಕೆ, ನೀರು ಹರಿದಂತೆ ಓದಿಕೊಂಡು ಹೋದಳು.

"ಪುಸ್ತಕ ನೆಟ್ಟಗೆ ಹಿಡ್ಕೋ ಮರಿ."

"ನೆಟ್ಟಗೇ ಇದೆ ಮಿಸ್."

ಮಿಸ್ಸು ಪುಸ್ತಕ ತಿರುಗಿಸಿ ಇಟ್ಟಳು. ಗುಬ್ಬಿ ತಲೆ ವಾಲಿಸಿದಳು, ಇನ್ನೂ ವಾಲಿಸಿದಳು, ಕೆನ್ನೆ ಮೇಜಿಗೆ ತಾಗುವಷ್ಟು ಬಾಗಿದಳು. "ಇದು ಬೇರೆ ಪುಸ್ತಕ ಮಿಸ್. ಇದು ನಂಗೆ ಬರಲ್ಲ."

ಬರೆಯಲು ಹೇಳಿದಾಗ ಬಲಗೈಯಲ್ಲೇ ಪೆನ್ಸಿಲ್ ಹಿಡಿದು, ಬಲದಿಂದ ಎಡಕ್ಕೆ, ಒಂದೊಂದು ಅಕ್ಷರವನ್ನೂ ತಲೆಕೆಳಗಾಗಿ ಬರೆದಳು. 'ಅಕ್ಕ' ಎಂದು ಬರೆದರೆ ಒತ್ತು 'ಕ' ಮೇಲೇರಿ ಕೂತಿತ್ತು. ತಲೆಕಟ್ಟಿನ ಮೇಲೆ ಬೆರಳಿಟ್ಟು "ಇದೇನು?" ಎಂದು ಕೇಳಿದಳು ಮಿಸ್ಸು.

"ಕಾಲುಕಟ್ಟು."

"ಯಾರು ಹೇಳಿದ್ದು?"

"ಅಕ್ಕ ತಲೆಕಟ್ಟು ಅಂತಾಳೆ. ಆದ್ರೆ ಅದು ಕೆಳಗಿದೆ ಅಲ್ವಾ."

ಒಂದನೇ ಮಿಸ್ಸು ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿದಾಗ ಒಬ್ಬರು ಕಣ್ಣಿನ ಡಾಕ್ಟರಿಗೆ ತೋರಿಸಿ ಎಂದರು, ಇನ್ನೊಬ್ಬರು ಮೆದುಳಿನ ಡಾಕ್ಟರಿಗೇ ತೋರಿಸಿ ಎಂದರು. ಹೆಡ್ ಮಿಸ್ಸು, "ಮೇಲಿನವರಿಗೆ ಒಂದು ವರದಿ ಬರೆಯೋಣ್ವಾ?" ಎಂದರು. "ಮೊದ್ಲು ಮನೆ ನೋಡ್ಕೊಂಡು ಬರ್ತೀನಿ ಮೇಡಂ" ಎಂದು ಅವಳು ಅಂದೇ ಸಂಜೆ ನಾಲ್ಕಕ್ಕೆ ಗುಬ್ಬಿಯ ಕೈ ಹಿಡಿದು ಹೊರಟಳು.

ಒಂದೇ ಕೋಣೆಯ ಮನೆ. ಅಮ್ಮನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಬೆಳಕು ಹರಿಯುವ ಮುಂಚೆ ಹೋದರೆ ಬರುವುದು ಸಂಜೆ ಆರಕ್ಕೆ. ಬಾಗಿಲು ತೆಗೆದವಳು ಹನ್ನೊಂದು ವರ್ಷದ ಅಕ್ಕ. ಕಿಟಕಿಯ ಕೆಳಗೆ, ಕಪಾಟಿಗೂ ಮಂಚಕ್ಕೂ ನಡುವೆ ಮಡಚುವ ಹಲಗೆಯ ಮೇಜು. ಮಂಚದ ಅಂಚಿನಲ್ಲಿ ಒಬ್ಬರು, ಕಪಾಟಿಗೆ ಬೆನ್ನು ಕೊಟ್ಟ ಸ್ಟೂಲಿನಲ್ಲಿ ಒಬ್ಬರು ಎದುರುಬದುರಾಗಿ ಕೂರಬಹುದು. ಪಕ್ಕಪಕ್ಕದಲ್ಲಿ ಕೂರಲು ಅಲ್ಲಿ ಜಾಗವೇ ಇರಲಿಲ್ಲ.

"ಗುಬ್ಬಿ ಎಲ್ಲಾ ತಲೆಕೆಳಗಾಗಿ ಓದ್ತಾಳೆ. ಪಾಠ ಹೇಗೆ ಹೇಳ್ಕೊಡ್ತಿದ್ದೆ ಪುಟ್ಟ?"

"ನಾನು ಮಂಚದ ಕಡೆ, ಅವಳು ಆ ಕಡೆ. ಹಾಳೆ ನನ್ನ ಮುಂದೆ ಇಟ್ಕೊಂಡು ಓದಿ ತೋರಿಸ್ತಿದ್ದೆ. ಅವಳು ಅಲ್ಲಿಂದಾನೇ ಬರೀತಿದ್ಲು." ಹುಡುಗಿಯ ದನಿ ಇಳಿಯಿತು. "ಬರೆದಿದ್ದು ನನಗೆ ಸರಿಯಾಗೇ ಕಾಣ್ತಿತ್ತು ಮಿಸ್."

ಒಂದನೇ ಮಿಸ್ಸು ಹೋಗಿ ಆ ಸ್ಟೂಲಿನ ಮೇಲೆ ಕೂತಳು. ಮೊಣಕಾಲು ಮೇಜಿಗೆ ತಾಗಿತು. ಎದುರಿಗೆ ತಾನೇ ಬರೆದು ಕಳಿಸಿದ ಹಾಳೆ. ಅದರ ಪ್ರತಿ ಅಕ್ಷರವೂ ಕಾಲು ಮೇಲೆ ಮಾಡಿಕೊಂಡು ಅವಳನ್ನೇ ನೋಡುತ್ತಿತ್ತು. ಇಲ್ಲಿ ಕೂತು ಕಲಿತಿದ್ದರೆ ತಾನೂ ಹೀಗೇ ಕಲಿಯುತ್ತಿದ್ದೆ ಅನ್ನಿಸಿತು.

"ನಾನು ಅವಳನ್ನ ಹಾಳು ಮಾಡ್ಬಿಟ್ನಾ ಮಿಸ್?"

ಹುಡುಗಿಯ ಕಣ್ಣಲ್ಲಿ ನೀರು ತುಂಬಿತ್ತು. ಅದೇ ಪ್ರಶ್ನೆಯನ್ನು ಬೆಳಗಿನಿಂದ ತನ್ನನ್ನೇ ಕೇಳಿಕೊಂಡು ತಲೆ ಕೆಡಿಸಿಕೊಂಡಿದ್ದ ಮಿಸ್ಸು ಹುಡುಗಿಯನ್ನು ಹತ್ತಿರ ಕರೆದಳು. ಆಮೇಲೆ ಹೇಳಿದಳು: "ನೋಡು, ಶಾಲೆ ಮುಚ್ಚಿದ್ದ ವರ್ಷದಲ್ಲಿ ನಿನ್ನ ತಂಗಿ ಪೂರ್ತಿ ಓದೋದು ಕಲ್ತಿದ್ದಾಳೆ. ನನ್ನ ಕ್ಲಾಸಲ್ಲಿ ಅವಳಷ್ಟು ಸರಾಗವಾಗಿ ಓದೋರು ಆರೇ ಜನ. ನೀನು ಕಲಿಸಿದ್ರಲ್ಲಿ ಒಂದೂ ತಪ್ಪಿಲ್ಲ. ಅವಳು ಕೂತಿದ್ದು ಎದುರುಗಡೆ, ಅಷ್ಟೇ."

ಹುಡುಗಿ ಮಂಚದ ಮೇಲೆ ಕೂತು ಕಣ್ಣೊರೆಸಿಕೊಂಡಳು. "ಬೆಳಿಗ್ಗೆ ನಂಗೆ ತಿನ್ನಿಸಿ ತಾನು ತಿಂದೇ ಇಲ್ಲ ಮಿಸ್ ಇವಳು" ಎಂದು ಗುಬ್ಬಿ ಚಾಡಿ ಹೇಳಿದಳು.

ಮಿಸ್ಸು ಹುಡುಗಿಗೆ ಧೈರ್ಯವೇನೋ ಹೇಳಿ ಬಂದಿದ್ದಳು, ಆದರೆ ಅದು ಅವಳಿಗೇ ಸಾಲದಾಗಿತ್ತು. ಮನೆಗೆ ಬಂದವಳೇ ಆ ಅರ್ಧ ಪುಟದ ನಂಬರಿಗೆ ಫೋನು ಹಚ್ಚಿದಳು. ಆ ಕಡೆಯ ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ, "ನಾನೂ ಇಂಥ ಇಬ್ಬರನ್ನ ನೋಡಿದ್ದೀನಮ್ಮ. ಒಂದು ಪುಸ್ತಕಕ್ಕೆ ನಾಲ್ಕು ಮಕ್ಕಳು ಸುತ್ತ ಕೂತು ಓದೋ ಕಾಲ ಅದು. ಏನೂ ಆಗಲ್ಲ. ಬೈಬೇಡ, ತಿದ್ದಬೇಡ. ಗಡಿಯಾರದ ಮುಳ್ಳಿನ ಥರ ದಿನಕ್ಕೆ ಒಂದಿಷ್ಟೇ ಪುಸ್ತಕ ತಿರುಗಿಸ್ತಾ ಹೋಗು" ಎಂದರು.

ಅಂದಿನಿಂದ ಆಟದ ಗಂಟೆಯ ಕೊನೆಯ ಹತ್ತು ನಿಮಿಷ ಗುಬ್ಬಿಗೆ ಮೀಸಲು. ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಗಡಿಯಾರ ಬರೆದು, ಅದರ ನಡುವೆ ಪುಸ್ತಕ. ಪುಸ್ತಕದ ತಲೆ ಆರರ ಮೇಲಿತ್ತು. ಎರಡು ದಿನ ಬಿಟ್ಟು ಏಳಕ್ಕೆ, ಆಮೇಲೆ ಎಂಟಕ್ಕೆ. ಒಂಬತ್ತಕ್ಕೆ ಬಂದಾಗ ಗುಬ್ಬಿ ತಡವರಿಸಿ, ಪುಸ್ತಕ ಮುಚ್ಚಿ, ಅತ್ತಳು. ಮಿಸ್ಸು ಎಂಟಕ್ಕೇ ವಾಪಸು ಇಟ್ಟಳು. ಒಂದು ವಾರ ಅಲ್ಲೇ ಬಿಟ್ಟಳು. ಶಾಲೆ ಬಿಟ್ಟ ಮೇಲೆ ಅಕ್ಕ ಬಾಗಿಲಲ್ಲಿ ಕಾಯುತ್ತಾ, "ಎಷ್ಟು ಗಂಟೆ ಆಯ್ತು ಮಿಸ್?" ಎಂದು ಕೇಳುತ್ತಿದ್ದಳು. ಏನು ಕೇಳುತ್ತಿದ್ದಾಳೆಂದು ಆ ಮೂವರಿಗೆ ಮಾತ್ರ ಗೊತ್ತು.

ಹನ್ನೊಂದು ದಾಟಿದ್ದು ಒಂದು ಬುಧವಾರ. ಗುಬ್ಬಿ ಅರ್ಧ ಪುಟ ಓದಿ, ಬೆರಳು ಎಡದಿಂದ ಬಲಕ್ಕೆ ಓಡುತ್ತಿರುವುದು ತನಗೇ ತಿಳಿಯದೆ ಮುಂದಿನ ಸಾಲಿಗಿಳಿದಳು. ಫಕ್ಕನೆ ನಿಂತು ಪುಟವನ್ನು ದಿಟ್ಟಿಸಿದಳು.

"ಮಿಸ್, ಕಾಲುಕಟ್ಟು ಮೇಲೆ ಹೋಯ್ತು."

ಅರ್ಧ ಮುಖ ಮಾಸ್ಕಿನ ಒಳಗಿದ್ದರೂ ಆ ಹೊಳಪು ಕಣ್ಣಲ್ಲಿ ಪೂರ್ತಿ ಕಂಡಿತು. ಮಿಸ್ಸಿನ ಕನ್ನಡಕ ಮಂಜಾಯಿತು. ಮಾಸ್ಕು ಹಾಕಿದ್ದರ ಅನುಕೂಲ, ಸೆರಗಿನಿಂದ ಒರೆಸಿಕೊಂಡರೆ ಉಸಿರಿನ ಆವಿ ಎಂದುಕೊಂಡು ಯಾರೂ ಏನೂ ಕೇಳುವುದಿಲ್ಲ.

ವರ್ಷದ ಕೊನೆಗೆ ಗುಬ್ಬಿಯ ಅಮ್ಮ ಕೆಲಸದ ಅಂಗಿಯಲ್ಲೇ ಬಂದು ಪ್ರಗತಿ ಪತ್ರ ತೆಗೆದುಕೊಂಡರು. ಓದು ಎಂಬಲ್ಲಿ 'ತುಂಬಾ ಚೆನ್ನಾಗಿದೆ' ಎಂದಿತ್ತು. "ದೊಡ್ಡವಳು ಮುಂದೆ ಟೀಚರ್ ಆಗ್ತೀನಿ ಅಂತಾಳೆ" ಎಂದರು. "ಈಗಾಗ್ಲೇ ಆಗಿದ್ದಾಳೆ" ಎಂದಳು ಒಂದನೇ ಮಿಸ್ಸು.

ಅಂದು ಮಧ್ಯಾಹ್ನವೇ ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಗ ಅತ್ತೆ ಕೇಳಿದರು: "ಎಲ್ಲಾ ಓದ್ತಾವಾ?"

"ಮೂರು ಮಕ್ಕಳು ಇನ್ನೂ ಸ್ವಲ್ಪ ಎಡವ್ತಾವೆ. ಎರಡನೇ ಕ್ಲಾಸಿನವರಿಗೆ ಬರೆದು ಕೊಟ್ಟಿದ್ದೀನಿ. ಉಳಿದ ಇಪ್ಪತ್ತೆಂಟೂ ಓದ್ತಾವೆ."

"ಹಾಗಿದ್ರೆ ಊಟ ಮಾಡಿ ಮಲ್ಕೋ ಹೋಗು. ವರ್ಷದಿಂದ ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ."

ಅವಳು ಊಟ ಮಾಡಿ ಮಲಗಿದಳು. ಗಂಡ ಅಂಗಡಿಯಿಂದ ಬಂದು ಎಬ್ಬಿಸುವವರೆಗೂ ಹೊರಳಲೂ ಇಲ್ಲ.