ಮಂಟಪದ ದಾರಿಯ ಗೊರಸು

ನಮ್ಮ ಮನೆಯಲ್ಲಿ ಈ ಕತೆ ಹೇಳುವ ರೀತಿಗೇ ನನ್ನ ತಕರಾರು. ಹುಣಸೂರಿಗೆ ಯಾವ ನೆಂಟರು ಬಂದರೂ ಅಮ್ಮ ಶುರು ಮಾಡುತ್ತಾಳೆ: “ಇವ್ಳು ಹಾಳು ಮಂಟಪ ನೋಡಕ್ಕೋಗಿ ಕೆಸರಲ್ಲಿ ಹೂತೋಗಿದ್ಲು. ದೇವ್ರು ಕಳ್ಸ್ದಂಗೆ ಯಾರೋ ಒಬ್ಬ ಬಂದ, ಕೈಯಲ್ಲಿ ಹಗ್ಗನೂ ಇತ್ತು. ಅದೃಷ್ಟ ಅಂದ್ರೆ ಇದು ಕಣ್ರೀ.” ಎದುರಾಳಿ ಹೇಳಿದ್ದನ್ನಲ್ಲ, ಬಿಟ್ಟಿದ್ದನ್ನು ಹಿಡಿ ಎಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಆ ಮನುಷ್ಯ ಹಗ್ಗ ಯಾಕೆ ತಂದಿದ್ದರು ಅನ್ನುವುದನ್ನು ಅಮ್ಮ ಬಿಡುತ್ತಾಳೆ.

ಬೇಸಿಗೆಯಲ್ಲಿ ಅಂತರಸಂತೆಯಾಚೆ ಕಬಿನಿ ಹಿನ್ನೀರು ಇಳಿದಾಗ, ಮುಳುಗಿದ ಊರೊಂದರ ಕಲ್ಲು ಮಂಟಪವೂ ಪಕ್ಕದ ವೀರಗಲ್ಲುಗಳೂ ಮೇಲೇಳುತ್ತವೆ. ನೀರು ಬಿಟ್ಟ ನೆಲದಲ್ಲಿ ಎಳೆಹುಲ್ಲು ಚಿಗುರುತ್ತದೆ. ಕಾಡಂಚಿನವರು ದನ ಮೇಯಿಸಲು ಅಲ್ಲಿಗೇ ಬರುತ್ತಾರೆ. ಆವತ್ತು ಮಂಟಪಕ್ಕೆ ದಾರಿ ತಿಳಿಯದೆ ದಡದಲ್ಲಿ ನಿಂತಿದ್ದೆ. ಒಣಗಿ ಬಿರಿದ ಮಣ್ಣಿನ ಮೇಲೆ ಹಸುವಿನ ಗೊರಸಿನ ಸಾಲು, ನೇರ ಮಂಟಪದ ಕಡೆಗೆ. ಹಸುವನ್ನು ಹೊತ್ತ ನೆಲ ನನ್ನನ್ನು ಹೊರದೇ? ವಾದ ಗಟ್ಟಿಯಾಗಿಯೇ ಇತ್ತು. ಸಾಲು ಹೋಗಿತ್ತೇ ಹೊರತು ವಾಪಸು ಬಂದಿರಲಿಲ್ಲ.

ಮಂಟಪ ಇನ್ನೇನು ಸಿಕ್ಕಿತು ಅನ್ನುವಾಗ ಕಾಲು ಕುಸಿಯಿತು. ಒದ್ದಾಡಿದಷ್ಟೂ ಇಳಿದೆ. ಕೆಸರು ಸೊಂಟಕ್ಕೆ ಬಂದಾಗ ಕಿರುಚಿದೆ. ಮಂಟಪದ ಹಿಂದಿನಿಂದ ಹಸುವೊಂದು ಅದೇ ದನಿಯಲ್ಲಿ ಕೂಗಿತು.

ಆಗ ಬಂದರು ಅವರು, ಆಚೆ ಬದಿಯ ಹಳೇ ಕೆರೆಯ ಏರಿ ಹಿಡಿದು, ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತು. ಮಂಟಪದ ಜಗಲಿ ಮೇಲೆ ನಿಂತು ಅತ್ತ ನೋಡಿದರು, ಇತ್ತ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಒದ್ದಾಡ್ಬ್ಯಾಡ ಕಣವ್ವ. ಅಂಗೇ ಮಕಾಡೆ ಮಲೀಕೊ.”

“ಮುಳುಗೋಗ್ತೀನಿ.”

“ನಿಂತಿದ್ರೇನೆ ಮುಳುಗಾದು. ವಾದ ಆಮ್ಯಾಕೆ ಮಾಡುವಂತೆ, ಮಲೀಕೊ.”

ಹಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ನನ್ನ ಕಂಕುಳಡಿಗೆ. ಅವರು ಎಳೆಯುತ್ತಿದ್ದರು, ಹಿಂದೆ ಹಸು ಕೂಗುತ್ತಿತ್ತು. ಕೂಗಿಗೂ ಕೂಗಿಗೂ ನಡುವಿನ ಬಿಡುವು ಉದ್ದವಾಗುತ್ತಾ ಹೋಯಿತು.

“ನಿಮ್ದಾ ಅದು?”

“ಊಂ. ದಿನ ತುಂಬಿದ್ ಗಬ್ಬ. ಮನೇಲಿರಾದು ಅದೊಂದೇ. ನೀನು ಎಳ್ಕೊ, ಎಳ್ಕೊ.”

ಅದನ್ನೇ ಮೊದಲು ಎಳೆಯಿರಿ ಎಂಬ ಮಾತು ಗಂಟಲವರೆಗೆ ಬಂತು. ಹೇಳಿದ್ದರೂ ಅವರು ಕೇಳುತ್ತಿರಲಿಲ್ಲ ಎಂದು ಈಗ ಯಾವ ವೇದಿಕೆಯಲ್ಲಾದರೂ ವಾದಿಸಬಲ್ಲೆ. ಆಗ ಮಾತ್ರ ಹಗ್ಗವನ್ನು ಎರಡೂ ಕೈಯಲ್ಲಿ ಅವುಚಿಕೊಂಡಿದ್ದೆ.

ನಾನು ಕಲ್ಲಿನ ಮೇಲೆ ಬಿದ್ದಾಗ ಹಿಂದೆ ಸದ್ದಿರಲಿಲ್ಲ. ಅವರು ಹಗ್ಗ ಬಿಚ್ಚಿಕೊಂಡು ಓಡಿದರು. ತೆವಳಿಕೊಂಡು ಹೋಗಿ ನೋಡಿದೆ: ಕೊಂಬು, ಹಣೆ, ಒಂದು ಕಿವಿ. ಮೂತಿ ಕೆಸರಿನೊಳಗೆ. ಆದರೂ ಕೊಂಬಿಗೆ ಕುಣಿಕೆ ಹಾಕಿ ಎಳೆದರು. ನಾನೂ ಹಿಡಿದೆ. ಹಗ್ಗ ಬಿಗಿಯಾಯಿತು, ಅಷ್ಟೇ. ಅಂಗೈ ಸುಲಿದರೂ ಅವರು ಬಿಡಲಿಲ್ಲ. ಕೊನೆಗೆ ನಾನೇ ಬಿಟ್ಟೆ.

ಸುಮಾರು ಹೊತ್ತಾದ ಮೇಲೆ ಅವರೂ ಕೂತರು. ಕುಣಿಕೆಯನ್ನು ಕೊಂಬಿನಿಂದ ಬಿಡಿಸಿ, ಹಗ್ಗದ ಕೆಸರನ್ನು ಬೆರಳಲ್ಲಿ ಬಳಿದು ತೆಗೆಯತೊಡಗಿದರು.

“ನೀನು ಉಳ್ಕೊಂಡಲ್ಲ, ಬುಡವ್ವ,” ಅಂದರು, ನನ್ನ ಮುಖ ನೋಡದೆ.

ಅಮ್ಮನ ಕತೆ ಮುಗಿಯುವುದು ಈ ಮಾತಿಗೇ. ಅದಾದ ಮೇಲೆ ನಾನು ಕೇಳಿದ್ದನ್ನು ಅವಳು ಯಾರಿಗೂ ಹೇಳುವುದಿಲ್ಲ.

“ಅಣ್ಣ, ನಾನಿಲ್ಲಿ ಇಲ್ದೇ ಇದ್ದಿದ್ರೆ ಅದು ಬದುಕ್ತಿತ್ತಾ?”